ಸರದಿಯಲ್ಲಿ ನಿಂತ ಮಾತು

ಗುರುಶಾಂತಪ್ಪನವರ ದನಿಯನ್ನು ಫಿರೋಜಾ ಮೊದಲ ಸಲ ಕೇಳಿದ್ದು ಕನ್ನಡ ಸಂಘದ ಪಿಕ್ನಿಕ್ಕಿನಲ್ಲಿ. ಕೋವಿಡ್ ಸ್ವಲ್ಪ ತಗ್ಗಿ ಜನ ಮತ್ತೆ ಒಂದೆಡೆ ಸೇರಲು ಧೈರ್ಯ ಮಾಡಿದ ಬೇಸಿಗೆ ಅದು. ಕೆರೆಯ ಪಕ್ಕದ ಪಾರ್ಕಿನಲ್ಲಿ ಊಟದ ಟ್ರೇಗಳನ್ನು ಜೋಡಿಸಿಟ್ಟಿದ್ದರು. ಮೈಕು ಕೈಕೊಟ್ಟಿತ್ತು. ಕಾರ್ಯದರ್ಶಿ ಅದನ್ನು ಅಂಗೈಗೆ ಬಡಿದು, ಊದಿ, ಬ್ಯಾಟರಿ ತೆಗೆದು ಹಾಕಿ ಒದ್ದಾಡುತ್ತಿದ್ದಾಗ, ಬಿಳಿ ಮೀಸೆಯ ಎತ್ತರದ ಹಿರಿಯರೊಬ್ಬರು ಬೆಂಚು ಹತ್ತಿ ನಿಂತು, “ಊಟಕ್ಕ ಬರ್ರೆಪೋ! ರೊಟ್ಟಿ ಆರಾಕ ಹತ್ಯಾವು!” ಎಂದು ಕೂಗಿದರು. ಕೆರೆಯ ಆಚೆ ದಡದಲ್ಲಿ ಗಾಳ ಹಾಕಿ ಕೂತಿದ್ದವರೂ ತಿರುಗಿ ನೋಡಿದರು. ಫಿರೋಜಾಳ ಮಗಳು ಹಮ್ನಾ ಕಿವಿ ಮುಚ್ಚಿಕೊಂಡು, “ಅಮ್ಮಾ, ಹಿ ಡಸಂಟ್ ನೀಡ್ ಅ ಮೈಕ್” ಎಂದು ನಕ್ಕಳು.

ವಿಜಯಪುರದ ಕಡೆಯವರಾದ ಗುರುಶಾಂತಪ್ಪ ಮೇರಿಲ್ಯಾಂಡಿನ ಸೇತುವೆಗಳನ್ನು ತಪಾಸಣೆ ಮಾಡುವ ಎಂಜಿನಿಯರಾಗಿದ್ದು ನಿವೃತ್ತರಾದವರು. ತಲೆಯ ಮೇಲೆ ಲಾರಿಗಳು ಗುಡುಗುತ್ತಿರುವಾಗ ಕೆಳಗಿನ ಕಂಬದ ಹತ್ತಿರ ನಿಂತವನಿಗೆ ಕೇಳುವಂತೆ ಕೂಗಿ ಕೂಗಿಯೇ ಆ ಗಂಟಲು ಹಾಗಾಗಿತ್ತು ಎಂದು ಹೆಂಡತಿ ರೇಣುಕಾದೇವಿ ಹೇಳುತ್ತಿದ್ದರು. ಮನೆಯಲ್ಲೂ ಅದೇ ದನಿ. ಫೋನಿನಲ್ಲೂ ಅದೇ.

ಫಿರೋಜಾ ಮೈಸೂರಿನ ಉದಯಗಿರಿಯವಳು. ತಂದೆ ಖಾದರ್ ರೈಲ್ವೆ ವರ್ಕ್‌ಶಾಪಿನಲ್ಲಿ ಲೇತ್ ನಡೆಸುವ ಟರ್ನರ್ ಆಗಿದ್ದರು. ಎಂಜಿನಿಯರಿಂಗ್ ಮುಗಿಸಿ, ಮದುವೆಯಾಗಿ, ಗಂಡ ಅಫ್ತಾಬ್‌ನೊಂದಿಗೆ ಮೇರಿಲ್ಯಾಂಡಿನ ಕೊಲಂಬಿಯಾಕ್ಕೆ ಬಂದಾಗ ಅವಳಿಗೆ ಕೆಲಸ ಮಾಡುವ ಅನುಮತಿ ಇರಲಿಲ್ಲ. ಹಮ್ನಾ ಮಗುವಾಗಿದ್ದ ಆ ವರ್ಷಗಳಲ್ಲಿ, ಅವಳನ್ನು ಮಲಗಿಸಿ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಪುಟ್ಟದೊಂದು ಪ್ರೋಗ್ರಾಮಿಂಗ್ ಭಾಷೆಯ ಒಳಗನ್ನು ಬಿಚ್ಚಿ ನೋಡುವ ಚಾಳಿ ಬೆಳೆಸಿಕೊಂಡಳು. ಆ ಭಾಷೆಯಲ್ಲಿ ಬರೆದದ್ದನ್ನು ಓದಿ ನಡೆಸುವ ಎಂಜಿನ್ನಿಗೆ ವರ್ಚುವಲ್ ಮಷೀನ್ ಎನ್ನುತ್ತಾರೆ. ಅದರ ತಪ್ಪುಗಳನ್ನು ಹುಡುಕಿ ತಿದ್ದಿ ಕಳಿಸುತ್ತಿದ್ದಳು. ಯಾರೂ ಕಾಸು ಕೊಡುತ್ತಿರಲಿಲ್ಲ, ಅವಳು ಕೇಳಲೂ ಇಲ್ಲ. ಕೆಲಸದ ಅನುಮತಿ ಸಿಕ್ಕ ಮೇಲೆ, ಅದೇ ಭಾಷೆಯನ್ನು ಬಳಸುತ್ತಿದ್ದ ಸಣ್ಣ ಕಂಪನಿಯೊಂದು ಅವಳನ್ನು ಕರೆದು ಸೇರಿಸಿಕೊಂಡಿತು. ಮಾತು ಹೋದವರಿಗೆ ಮಾತಿನ ಯಂತ್ರ ಮಾಡುವ ಕಂಪನಿ ಅದು. ಪರದೆಯ ಕೆಳಗಿನ ಕ್ಯಾಮೆರಾ ರೋಗಿಯ ಕಣ್ಣಾಲಿಯನ್ನು ನೋಡುತ್ತದೆ; ಅವರು ಯಾವ ಅಕ್ಷರದ ಮೇಲೆ ದೃಷ್ಟಿ ನಿಲ್ಲಿಸುತ್ತಾರೋ ಅದನ್ನು ಬರೆದುಕೊಳ್ಳುತ್ತದೆ; ವಾಕ್ಯ ಮುಗಿದಾಗ ಸ್ಪೀಕರಿನಲ್ಲಿ ಹೇಳುತ್ತದೆ.

ಹೀಗಾಗಿ, ಆ ವರ್ಷದ ಕೊನೆಯಲ್ಲಿ ಗುರುಶಾಂತಪ್ಪನವರ ಮಗಳು ಗಂಗಾಂಬಿಕಾ ಫೋನ್ ಮಾಡಿದಾಗ, ಯಾಕೆ ಮಾಡಿದ್ದಾಳೆಂದು ಫಿರೋಜಾಳಿಗೆ ಎರಡನೇ ಮಾತಿಗೇ ಗೊತ್ತಾಯಿತು. ಗಂಗಾಂಬಿಕಾ ಬಾಲ್ಟಿಮೋರಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ಸ್ನಾಯುಗಳು ಒಂದೊಂದಾಗಿ ಸೋಲುವ ಆ ಕಾಯಿಲೆಯ ಹೆಸರು ಹೇಳುವಾಗ ಅವಳ ದನಿ ಡಾಕ್ಟರದ್ದಾಗಿತ್ತು. ಆಮೇಲೆ ಮಗಳದ್ದಾಯಿತು.

“ಎ.ಎಲ್.ಎಸ್. ಅಂತ ಕನ್‌ಫರ್ಮ್ ಆತು ಫಿರೋಜಾ. ಕೈ ಮೊದಲ, ಆಮ್ಯಾಲೆ ಗಂಟಲ. ಅಪ್ಪನ ಗಂಟಲ ಹೋಗ್ತದಂದ್ರ...” ಎಂದು ನಿಲ್ಲಿಸಿದಳು.

“ಗಂಗಾ, ಈಗ್ಲೇ ಅಂಕಲ್ ವಾಯ್ಸ್ ರೆಕಾರ್ಡ್ ಮಾಡಿಬಿಡೋಣ. ನಾನು ಶನಿವಾರ ಬರ್ತೀನಿ,” ಎಂದಳು ಫಿರೋಜಾ. ಸಮಾಧಾನದ ಮಾತು ಅವಳಿಗೆ ಬರುತ್ತಿರಲಿಲ್ಲ. ಮಾಡುವ ಕೆಲಸವಿದ್ದರೆ ಅದನ್ನು ಹೇಳುತ್ತಿದ್ದಳು.

ಯಂತ್ರ ಇಂಗ್ಲಿಷನ್ನು ತಾನೇ ಮಾತಾಡುತ್ತಿತ್ತು. ಕನ್ನಡಕ್ಕೆ ಬೇರೆ ದಾರಿ ಮಾಡಬೇಕಾಯಿತು. ಗುರುಶಾಂತಪ್ಪನವರ ಬಾಯಿಂದಲೇ ದಿನನಿತ್ಯದ ಮಾತುಗಳನ್ನು ಹೇಳಿಸಿ ತುಂಬಿಸಿದರು. “ರೇಣುಕಾ, ಚಾ ಕೊಡ.” “ಟಿವಿ ಸಣ್ಣ ಮಾಡ್ರಿ.” “ನನಗ ತ್ರಾಸ ಆಗೈತಿ.” ಅಡುಗೆಮನೆಯಲ್ಲಿದ್ದ ರೇಣುಕಾದೇವಿ ರೆಕಾರ್ಡಿಂಗ್ ಎನ್ನುವುದನ್ನು ಮರೆತು, “ಈಗ ಕುಡದೀರಲ್ರೀ!” ಎಂದು ಅಲ್ಲಿಂದಲೇ ಉತ್ತರ ಕೊಟ್ಟರು. ಫಿರೋಜಾಳ ಪಟ್ಟಿಯಲ್ಲಿ ಇಲ್ಲದ್ದನ್ನೂ ಗುರುಶಾಂತಪ್ಪ ಸೇರಿಸಿದರು: “ಈ ಪಲ್ಯಾಕ್ಕ ಉಪ್ಪ ಹಾಕೀಯೋ ಇಲ್ಲೋ?” ಆ ಶನಿವಾರ ಎಲ್ಲರೂ ನಕ್ಕರು.

ಕೆಲಸ ಮುಗಿದು ಚಹಾ ಕುಡಿಯುವಾಗ ಗುರುಶಾಂತಪ್ಪ, “ಅಲ್ಲವಾ ಮಗಳ, ಇದರಾಗ ನಿಂದೇನು ಕೆಲಸ? ಕ್ಯಾಮೆರಾ ಮಾಡಾಕೀನ, ಸ್ಪೀಕರ್ ಮಾಡಾಕೀನ?” ಎಂದು ಕೇಳಿದರು. ಆಗಲೇ ಅವರ ನಾಲಿಗೆ ಸ್ವಲ್ಪ ಭಾರವಾಗಿತ್ತು.

“ಎರಡೂ ಅಲ್ಲ ಅಂಕಲ್. ಇದ್ರ ಪ್ರೋಗ್ರಾಮ್‌ನ ಮೊದ್ಲು ಚಿಕ್ಕ ಚಿಕ್ಕ ಆಜ್ಞೆಗಳಾಗಿ ಒಡೀತೀವಿ. ಬೈಟ್‌ಕೋಡ್ ಅಂತೀವಿ ಅದನ್ನ. ಅದು ಒಳಗಿರೋ ಚಿಪ್‌ಗೆ ಅರ್ಥ ಆಗಲ್ಲ. ಅದನ್ನ ಒಂದೊಂದಾಗಿ ಓದಿ, ಹೇಳಿದ ಕೆಲಸ ಮಾಡ್ಸೋದು ವರ್ಚುವಲ್ ಮಷೀನು. ನಾನು ಅದನ್ನ ನೋಡ್ಕೋತೀನಿ.”

“ಅಂದ್ರ ಮೇಸ್ತ್ರಿ ಇದ್ದಂಗ.”

“ಹೂಂ. ಆದ್ರೆ ಒಂದೇ ಸಲ ಎಷ್ಟೊಂದು ಕೆಲಸ ನಡೀಬೇಕಲ್ಲ? ಕಣ್ಣು ನೋಡೋದು ಒಂದು, ಮಾತಾಡೋದು ಒಂದು, ಕಾಲಿನ ಹತ್ರ ಬೆಲ್ ಬಟನ್ ಕೊಡ್ತೀವಲ್ಲ, ಅದನ್ನ ಕಾಯೋದು ಇನ್ನೊಂದು. ಒಂದೊಂದಕ್ಕೂ ಆಪರೇಟಿಂಗ್ ಸಿಸ್ಟಮ್‌ನಿಂದ ಒಂದೊಂದು ಥ್ರೆಡ್ ಕೇಳಿ ತಗೋತೀವಿ. ಥ್ರೆಡ್ ಅಂದ್ರೆ ಒಬ್ಬೊಬ್ಬ ಕೆಲಸದವನು ಅನ್ಕೊಳ್ಳಿ. ಸಿಸ್ಟಮ್ ಎಲ್ಲರನ್ನೂ ಒಟ್ಟಿಗೆ ಓಡ್ಸೋಕೆ ರೆಡಿ ಇರುತ್ತೆ. ಆದ್ರೆ ನಮ್ಮ ಮಷೀನಲ್ಲಿ ಬೀಗ ಒಂದೇ. ಅದು ಯಾರ ಕೈಯಲ್ಲಿದೆಯೋ ಅವನೊಬ್ಬನೇ ಬೈಟ್‌ಕೋಡ್ ನಡೆಸಬಹುದು. ಸ್ವಲ್ಪ ನಡೆಸಿ ಇನ್ನೊಬ್ಬನಿಗೆ ಕೊಡ್ತಾನೆ. ಅದು ಎಷ್ಟು ಬೇಗ ಆಗುತ್ತೆ ಅಂದ್ರೆ, ನಮಗೆ ಎಲ್ಲಾ ಒಟ್ಟಿಗೇ ಆದ ಹಾಗೆ ಕಾಣುತ್ತೆ.”

ಗುರುಶಾಂತಪ್ಪ ಮೀಸೆ ತೀಡಿಕೊಂಡರು. “ಒಂದ ಲೇನಿನ ಸೇತುವೆ ಅನ್ನು. ರಿಪೇರಿ ನಡದಾಗ ಹಂಗ ಬಿಡತಿದ್ವಿ ನಾವೂ. ಆದ್ರ ಗಾಡಿ ನಡಬರಕ ಕೆಟ್ಟ ನಿಂತರ?”

“ನಿಲ್ಲಬಾರದು ಅಂತಾನೇ ರೂಲ್ ಇದೆ. ಹೊರಗಿನ ಕೆಲಸಕ್ಕೆ ಅಂತ ಹೋಗಿ ಕಾಯೋನು, ಹೋಗೋ ಮೊದಲೇ ಬೀಗ ಕೊಟ್ಟು ಹೋಗಬೇಕು.”

“ರೂಲು ನಾವೂ ಬರದಿದ್ವಿ,” ಎಂದು ಅವರು ನಕ್ಕರು.

ತನ್ನ ಕೆಲಸವನ್ನು ಅಷ್ಟು ಹೊತ್ತು ಕೂತು ಕೇಳಿದವರು ಅವಳಿಗೆ ಅಲ್ಲಿಯವರೆಗೆ ಯಾರೂ ಸಿಕ್ಕಿರಲಿಲ್ಲ. ಅಫ್ತಾಬ್ ಒಳ್ಳೆಯವನೇ. ಆದರೆ ದಿನವೂ ವರ್ಜೀನಿಯಾದ ಹರ್ನ್‌ಡನ್‌ವರೆಗೆ ಕಾರು ಓಡಿಸಿ, ಕಾಂಟ್ರ್ಯಾಕ್ಟ್ ಮುಂದುವರಿಯುತ್ತದೋ ಇಲ್ಲವೋ ಎಂಬ ಚಿಂತೆ ಹೊತ್ತು ಮರಳುವ ಮನುಷ್ಯನಿಗೆ ಬೈಟ್‌ಕೋಡಿನ ಕಥೆ ಹೇಳುವುದು ಹೇಗೆ?

ಮರುವರ್ಷವೆಲ್ಲ ಯಂತ್ರ ಚೆನ್ನಾಗಿ ನಡೆಯಿತು. ಗುರುಶಾಂತಪ್ಪನವರ ಕಾಲಿನ ಹೆಬ್ಬೆರಳೊಂದನ್ನು ಬಿಟ್ಟು ಕೈಕಾಲು ನಿಂತವು, ಮಾತು ನಿಂತಿತು, ಆದರೆ ಮನೆ ಮೌನವಾಗಲಿಲ್ಲ. ಕುರ್ಚಿಗೆ ಒರಗಿ, ಪರದೆಯನ್ನು ನೋಡುತ್ತ ನೋಡುತ್ತ, ಬಂದವರ ಕಾಲೆಳೆಯುತ್ತಿದ್ದರು. ಹಮ್ನಾಳನ್ನು ಕಂಡರೆ ಇಂಗ್ಲಿಷಿನಲ್ಲಿ ಗಣಿತದ ಒಗಟು ಹಾಕುತ್ತಿದ್ದರು. ಸಂಘದ ಯುಗಾದಿ ಊಟದಲ್ಲಿ ಯಂತ್ರದ ವಾಲ್ಯೂಮು ಪೂರ್ತಿ ಏರಿಸಿ ತಮ್ಮದೇ ಹಳೆಯ ದನಿಯಲ್ಲಿ ಪಲ್ಯದ ಉಪ್ಪಿನ ಪ್ರಶ್ನೆ ಕೇಳಿಸಿದಾಗ, ಅಡುಗೆ ಮಾಡಿದವರು ಮುಖ ಕೆಂಪಗೆ ಮಾಡಿಕೊಂಡರು, ಉಳಿದವರು ಕಣ್ಣು ಒರೆಸಿಕೊಂಡರು.

ಆ ನಡುವೆ ಫಿರೋಜಾಳ ಕಂಪನಿಯನ್ನು ದೊಡ್ಡ ಕಂಪನಿಯೊಂದು ಕೊಂಡಿತು. ಮಾರುವ ಮುಂಚೆ ಅವಸರದಲ್ಲಿ ಕೊನೆಯ ಅಪ್‌ಡೇಟ್ ಒಂದನ್ನು ಎಲ್ಲ ಯಂತ್ರಗಳಿಗೂ ಕಳಿಸಿದರು. ಅದರಲ್ಲಿ ಕ್ಯಾಮೆರಾ ನಡೆಸುವ ಭಾಗ ಹೊಸದು, ಹೊರಗಿನ ಒಬ್ಬರಿಂದ ತರಿಸಿದ್ದು. ಕೊಂಡ ಕೆಲವೇ ತಿಂಗಳಲ್ಲಿ ಹೊಸ ಮಾಲೀಕರು ಮಾತಿನ ಯಂತ್ರದ ವಿಭಾಗವನ್ನೇ ಮುಚ್ಚಿದರು. ಬಹಳ ಜನರ ಕೆಲಸ ಹೋಯಿತು. ಅವಳದ್ದು ಹೋಗಲಿಲ್ಲ. ಆಸ್ಪತ್ರೆಯ ಹಾಸಿಗೆಗಳ ಪಕ್ಕ ಇಡುವ ಮಾನಿಟರುಗಳಲ್ಲಿ ಅದೇ ವರ್ಚುವಲ್ ಮಷೀನ್ ಬಳಸುವ ಯೋಚನೆ ಅವರಿಗಿತ್ತು. ಅವಳ ಮೇಲಿನವನಾಗಿ ಬಂದವನು ಪವನ. ಬೆಂಗಳೂರಿನವನು, ಜಾರ್ಜಿಯಾ ರಾಜ್ಯದ ಸುವಾನಿ ಎಂಬ ಊರಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದ.

ಮೊದಲ ದೂರು ಬಂದದ್ದು ರೇಣುಕಾದೇವಿಯವರಿಂದ. “ಫಿರೋಜಾ, ಇವರ ಮಷಿನ್ ಸಿಟ್ಟಿಗೆದ್ದಂಗ ಕಾಣತೈತಿ ನೋಡವಾ. ಚಾ ಕುಡದು ಕಪ್ಪ ತೊಳದ ಮ್ಯಾಲೆ ‘ಚಾ ಬ್ಯಾಡ’ ಅಂತದ.”

ಅವಳು ಹೋಗಿ ನೋಡಿದಳು. ಗುರುಶಾಂತಪ್ಪನವರ ರೆಪ್ಪೆಗಳು ಸೋಲತೊಡಗಿದ್ದವು. ಒಂದು ವಾಕ್ಯ ಬರೆದು ಮುಗಿಸಿ ದಣಿವಿಗೆ ಕಣ್ಣು ಮುಚ್ಚುತ್ತಿದ್ದರು. ಅವರು ಮುಚ್ಚಿದರೆ ಯಂತ್ರವೂ ಬಾಯಿ ಮುಚ್ಚುತ್ತಿತ್ತು. ಮತ್ತೆ ಕಣ್ಣು ತೆರೆದು, ಕ್ಯಾಮೆರಾಗೆ ಕಣ್ಣಾಲಿ ಸಿಕ್ಕಿದ ಮೇಲೆ, ನಿಂತಿದ್ದ ಮಾತುಗಳೆಲ್ಲ ಒಂದರ ಹಿಂದೊಂದು ಹೊರಬೀಳುತ್ತಿದ್ದವು. ಅಷ್ಟು ಹೊತ್ತಿಗೆ ಕೇಳಿದವರು ಎದ್ದುಹೋಗಿರುತ್ತಿದ್ದರು.

ಲ್ಯಾಪ್‌ಟಾಪನ್ನು ಯಂತ್ರಕ್ಕೆ ಜೋಡಿಸಿ, ಅದು ಸ್ತಬ್ಧವಾದ ಗಳಿಗೆಯಲ್ಲಿ ಪ್ರತಿಯೊಂದು ಥ್ರೆಡ್ಡೂ ಎಲ್ಲಿ ನಿಂತಿದೆ ಎಂದು ಫಿರೋಜಾ ತೆಗೆದು ನೋಡಿದಳು. ಮಾತಿನ ಥ್ರೆಡ್ಡು ಬೀಗಕ್ಕಾಗಿ ಕಾಯುತ್ತಿತ್ತು. ಪರದೆಯದ್ದು ಕಾಯುತ್ತಿತ್ತು. ಬೆಲ್ಲಿನದ್ದು ಕಾಯುತ್ತಿತ್ತು. ಚಿಪ್ಪಿಗೆ ಮಾಡಲು ಏನೂ ಕೆಲಸವಿರಲಿಲ್ಲ, ಸುಮ್ಮನೆ ತಣ್ಣಗೆ ಕೂತಿತ್ತು. ಬೀಗ ಇದ್ದದ್ದು ಕ್ಯಾಮೆರಾ ಥ್ರೆಡ್ಡಿನ ಕೈಯಲ್ಲಿ. ಅದು ಬೈಟ್‌ಕೋಡನ್ನು ಬಿಟ್ಟು ಹೊರಗಿನವರು ಕೊಟ್ಟ ಹೊಸ ಭಾಗದೊಳಗೆ ಹೋಗಿತ್ತು, ಹೋಗುವಾಗ ಬೀಗ ಬಿಟ್ಟುಕೊಟ್ಟಿರಲಿಲ್ಲ. ಅಲ್ಲಿ ಕಣ್ಣು ಸಿಗುವವರೆಗೂ ಕಾಯುತ್ತ ನಿಂತಿತ್ತು. ಆರೋಗ್ಯವಂತರ ಕಣ್ಣು ಕ್ಷಣಕ್ಕೆ ಸಿಗುತ್ತದೆ, ಆದ್ದರಿಂದ ಪರೀಕ್ಷೆಯಲ್ಲಿ ಯಾರಿಗೂ ಇದು ಕಂಡಿರಲಿಲ್ಲ. ರೆಪ್ಪೆ ಸೋತವರ ಕಣ್ಣು ಸಿಗುವುದಿಲ್ಲ. ಯಂತ್ರ ಯಾರಿಗಾಗಿ ಇತ್ತೋ ಅವರ ಕಾಯಿಲೆ ಹೆಚ್ಚಿದಷ್ಟೂ ಅದು ಹೆಚ್ಚು ಹೊತ್ತು ಮೂಕವಾಗುತ್ತಿತ್ತು.

ಅವಳು ತಲೆ ಎತ್ತಿದಾಗ ಗುರುಶಾಂತಪ್ಪ ಅವಳನ್ನೇ ನೋಡುತ್ತಿದ್ದರು. ಬಹಳ ಕಷ್ಟಪಟ್ಟು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರೆದರು. ಯಂತ್ರ ತಡೆದು ತಡೆದು ಹೇಳಿತು: “ಫೌಂಡ್ ಇಟ್?”

“ಸಿಕ್ತು ಅಂಕಲ್,” ಎಂದಳು. ಸಿಕ್ಕಿದ ಖುಷಿಯಲ್ಲಿ, ಇದು ಸರಿಹೋಗುವುದಿಲ್ಲ ಎಂಬ ಯೋಚನೆಯೇ ಆಗ ಅವಳ ತಲೆಗೆ ಬರಲಿಲ್ಲ.

ಆಫೀಸಿನ ಅವಳ ಮೇಜಿನ ಮೇಲೆ ಪರೀಕ್ಷೆಗೆಂದು ಇಟ್ಟ ಒಂದು ಹಳೆಯ ಯಂತ್ರ ಉಳಿದಿತ್ತು. ತನ್ನ ಬಿಡುವಿನಲ್ಲಿ ಅದರ ಮೇಲೆ ಕೂತಳು. ಕ್ಯಾಮೆರಾ ಭಾಗಕ್ಕೆ ಹೋಗುವ ಮುನ್ನ ಬೀಗ ಬಿಡುವಂತೆ ಬದಲಿಸಿದಳು. ಯಂತ್ರ ಕ್ರ್ಯಾಶ್ ಆಗಿ ನಿಂತೇಹೋಯಿತು. ಆ ಹೊರಗಿನ ಭಾಗ ತನ್ನದೇ ಒಂದು ಥ್ರೆಡ್ಡನ್ನು ಹುಟ್ಟಿಸಿಕೊಂಡು, ಅದರಿಂದ ವರ್ಚುವಲ್ ಮಷೀನಿನ ಬಾಗಿಲು ಬಡಿಯುತ್ತಿತ್ತು. ಮಷೀನಿಗೆ ಆ ಥ್ರೆಡ್ಡಿನ ಗುರುತೇ ಇರಲಿಲ್ಲ. ಒಳಗೆ ಬಂದ ಅಪರಿಚಿತ ಥ್ರೆಡ್ಡು ಮೊದಲು ತನ್ನ ಹೆಸರು ನೋಂದಾಯಿಸಿ, ಬೀಗ ಕೇಳಿ ಪಡೆದು, ಆಮೇಲೆ ಕೆಲಸ ಮಾಡುವಂತೆ ತಿದ್ದಿದಳು. ಕ್ಯಾಮೆರಾದ ಮೇಲೆ ಕಪ್ಪು ಟೇಪು ಅಂಟಿಸಿ ಬೆಲ್ ಒತ್ತಿದಳು. ಬೆಲ್ ಹೊಡೆಯಿತು. ವಾಕ್ಯ ಬರೆದು ಟೇಪು ಅಂಟಿಸಿದಳು. ಯಂತ್ರ ವಾಕ್ಯವನ್ನು ತಕ್ಷಣ ಹೇಳಿತು. ಅವಳು ಮತ್ತೆ ಮತ್ತೆ ಮಾಡಿದಳು, ಒಮ್ಮೆಯೂ ತಪ್ಪಲಿಲ್ಲ.

ಅದನ್ನು ಗುರುಶಾಂತಪ್ಪನವರ ಯಂತ್ರಕ್ಕೆ ಹಾಕುವುದಷ್ಟೇ ಬಾಕಿ. ಆದರೆ ಮನೆಗಳಲ್ಲಿದ್ದ ಯಂತ್ರಗಳು ಕಂಪನಿಯ ಗುಪ್ತ ಮುದ್ರೆ ಬಿದ್ದ ಸಾಫ್ಟ್‌ವೇರನ್ನು ಮಾತ್ರ ಒಳಗೆ ಬಿಡುತ್ತಿದ್ದವು. ಹಿಂದಿನ ಆವೃತ್ತಿಗೆ ಮರಳಲೂ ಬಿಡುತ್ತಿರಲಿಲ್ಲ. ಮುದ್ರೆ ಹೊಸ ಮಾಲೀಕರ ಹತ್ತಿರ ಇತ್ತು.

ಪವನ ಅವಳ ಮಾತನ್ನೆಲ್ಲ ವಿಡಿಯೋ ಕರೆಯಲ್ಲಿ ಕೇಳಿಸಿಕೊಂಡ. ಟೇಪು ಅಂಟಿಸಿ ತೋರಿಸಿದ್ದನ್ನೂ ನೋಡಿದ. “ಬ್ಯೂಟಿಫುಲ್ ಫಿಕ್ಸ್ ಫಿರೋಜಾ. ನಾನು ಕೇಳಿ ನೋಡ್ತೀನಿ,” ಎಂದ. ನಿಜವಾಗಿಯೂ ಕೇಳಿದ. ಬಂದ ಉತ್ತರವನ್ನು ಹೇಳುವಾಗ ಅವನ ಮುಖ ಸಪ್ಪಗಿತ್ತು.

“ಅದು ಮೆಡಿಕಲ್ ಡಿವೈಸ್. ಒಂದು ಲೈನ್ ಚೇಂಜ್ ಮಾಡಿದ್ರೂ ಫುಲ್ ಟೆಸ್ಟಿಂಗ್ ಮತ್ತೆ ಮಾಡ್ಬೇಕು. ಪ್ರಾಡಕ್ಟೇ ಇಲ್ಲ, ಟೆಸ್ಟಿಂಗ್ ಟೀಮೂ ಇಲ್ಲ. ಲೀಗಲ್‌ನವ್ರು ಮುಟ್ಟಲೇಬೇಡಿ ಅಂತಿದಾರೆ.”

“ಸರಿ, ಹಾಗಾದ್ರೆ ನನ್ನ ಟೇಬಲ್ ಮೇಲಿರೋ ಟೆಸ್ಟ್ ಯೂನಿಟ್ ಕೊಟ್ಬಿಡಿ ಅವರಿಗೆ. ಹೇಗೂ ಎಸೆಯೋದೇ ತಾನೆ?”

“ಅದನ್ನೂ ಕೇಳ್ದೆ. ಪೇಷಂಟ್ ಹತ್ರ ಹೋದ್ರೆ ಅದೂ ಅದೇ ರೂಲ್ ಕೆಳಗೆ ಬರುತ್ತಂತೆ.” ಅವನು ದನಿ ತಗ್ಗಿಸಿ, “ನಂಗೆ ಗೊತ್ತು, ಇದು ತಪ್ಪು. ಆದ್ರೆ ನನ್ ಕೈಲಿ ಏನಿದೆ ಹೇಳು?” ಎಂದ.

ಅವಳು ಅವನ ಮೇಲಿನವರಿಗೆ ಬರೆದಳು. ಅವರ ಮೇಲಿನವರೊಬ್ಬರು ಕರೆಗೆ ಬಂದರು, ಗುರುಶಾಂತಪ್ಪನವರ ಹೆಸರನ್ನು ತಪ್ಪಿಲ್ಲದೆ ಉಚ್ಚರಿಸಲು ಪ್ರಯತ್ನಪಟ್ಟರು, ಅವಳ ಕಾಳಜಿಯನ್ನು ಹೊಗಳಿದರು, ಅವರ ಕುಟುಂಬಕ್ಕೆ ಶುಭ ಹಾರೈಸಿದರು. ಜಗಳವಾಡಲು ಅಲ್ಲಿ ಯಾರೂ ಸಿಗಲಿಲ್ಲ. ಎಲ್ಲರೂ ಒಳ್ಳೆಯ ಮಾತನ್ನೇ ಆಡಿದರು.

ಗಂಗಾಂಬಿಕಾ ಬೇರೆ ಕಂಪನಿಯ ಯಂತ್ರಕ್ಕೆ ಅರ್ಜಿ ಹಾಕಿದಳು. ಇನ್ಶೂರೆನ್ಸಿನವರು, ಇರುವ ಯಂತ್ರ ಕೆಟ್ಟಿಲ್ಲವಲ್ಲ ಎಂದರು. ಆನ್ ಮಾಡಿದರೆ ಆನ್ ಆಗುತ್ತದೆ, ಪರದೆ ಬೆಳಗುತ್ತದೆ. ಕಾಗದದ ಮೇಲೆ ಅದು ಸರಿಯಾಗಿಯೇ ಇತ್ತು. ಅವಳು ಮೇಲ್ಮನವಿ ಹಾಕಿದಳು. ಫಿರೋಜಾ ತಾಂತ್ರಿಕ ವಿವರ ಬರೆದುಕೊಡಲು ಹೊರಟಾಗ, ಕಂಪನಿಯ ಒಳಗಿನ ವಿಷಯ ಹೊರಗೆ ಹೇಳಬಾರದೆಂದು ಪವನ ಬೇಡಿಕೊಂಡ.

ಅಷ್ಟರಲ್ಲಿ ಆ ಮಧ್ಯಾಹ್ನ ಬಂತು. ರೇಣುಕಾದೇವಿ ಅಡುಗೆಮನೆಯಲ್ಲಿ ಮಿಕ್ಸಿ ಹಾಕಿ ಶೇಂಗಾ ಚಟ್ನಿ ಪುಡಿ ಮಾಡುತ್ತಿದ್ದರು. ಬೆಲ್ ಹೊಡೆದರೆ ಕೇಳಲೆಂದು ಅದರ ರಿಸೀವರನ್ನು ಕಿವಿಯ ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಬೆಲ್ ಹೊಡೆಯಲಿಲ್ಲ. ಪುಡಿ ಡಬ್ಬಿಗೆ ತುಂಬಿ ಬಂದು ನೋಡಿದರೆ ಗಂಡನ ಗಂಟಲಲ್ಲಿ ಕಫ ಕಟ್ಟಿ ತುಟಿ ನೀಲಿಗಟ್ಟಿತ್ತು. ಕಾಲಿನ ಹೆಬ್ಬೆರಳು ಬೆಲ್ಲಿನ ಗುಂಡಿಯನ್ನು ಒತ್ತಿಕೊಂಡೇ ಇತ್ತು. ಕಣ್ಣು ಮುಚ್ಚಿತ್ತು. ಅವರು ಕೂಗಾಡುತ್ತಲೇ ಕಫ ಎಳೆಯುವ ಸಕ್ಷನ್ ಪೈಪು ಹಾಕಿದರು, ಹೇಗೋ ಉಸಿರು ಮರಳಿತು. ಗುರುಶಾಂತಪ್ಪ ಕಣ್ಣು ತೆರೆದ ಮೇಲೆ, ಅಷ್ಟು ಹೊತ್ತು ತಡೆದು ನಿಂತಿದ್ದ ಬೆಲ್ಲು ಒಂದೇ ಸಮನೆ ಬಡಿದುಕೊಳ್ಳತೊಡಗಿತು. ನಿಲ್ಲಿಸುವುದು ಹೇಗೆಂದು ತಿಳಿಯದೆ ರೇಣುಕಾದೇವಿ ರಿಸೀವರನ್ನು ನೆಲಕ್ಕೆ ಒಗೆದರು.

ಆ ಸುದ್ದಿ ಕೇಳಿದ ಮರುದಿನ ಫಿರೋಜಾ ತನ್ನ ಮೇಜಿನ ಮೇಲಿನ ಯಂತ್ರವನ್ನು ದೊಡ್ಡ ಚೀಲಕ್ಕೆ ಹಾಕಿಕೊಂಡು ಪಾರ್ಕಿಂಗಿಗೆ ಹೋದಳು. ಕಾರಿನಲ್ಲಿ ಕೂತು ಅಫ್ತಾಬ್‌ಗೆ ಫೋನ್ ಮಾಡಿದಳು.

“ಫಿರೋಜಾ, ಬೈಯ್ತಾ ಇಲ್ಲ ನಾನು,” ಎಂದ ಅವನು. “ಆದ್ರೆ ನಮ್ಮ ಗ್ರೀನ್ ಕಾರ್ಡ್ ಫೈಲ್ ನಿನ್ನ ಕಂಪನಿ ಮೇಲಿದೆ. ನನ್ನ ಕಾಂಟ್ರ್ಯಾಕ್ಟ್ ಗತಿ ನಿಂಗೊತ್ತು. ಕಳ್ಳತನ ಅಂತ ಬಂದ್ರೆ ಹಮ್ನಾನ ಕರ್ಕೊಂಡು ಎಲ್ಲಿಗೆ ಹೋಗೋಣ? ಅವಳು ಹುಟ್ಟಿದ್ದು ಇಲ್ಲಿ, ಇಲ್ಲಿ ಬಿಟ್ರೆ ಬೇರೆ ಊರು ಗೊತ್ತಿಲ್ಲ ಅವಳಿಗೆ.” ಆಮೇಲೆ ಅವನೇ, “ಆದ್ರೂ ನಿಂಗೆ ತೆಗೊಂಡು ಹೋಗ್ಲೇಬೇಕು ಅನ್ಸಿದ್ರೆ ಹೋಗು. ನಾನು ಏನೂ ಅನ್ನಲ್ಲ,” ಎಂದ.

ಬೇಡ ಎಂದು ಗದರಿದ್ದರೆ ಅವಳು ಹಟಕ್ಕಾದರೂ ಹೋಗುತ್ತಿದ್ದಳೇನೋ. ತುಂಬಾ ಹೊತ್ತು ಸ್ಟಿಯರಿಂಗ್ ಹಿಡಿದು ಕೂತಿದ್ದಳು. ಚೀಲ ಪಕ್ಕದ ಸೀಟಿನಲ್ಲಿತ್ತು. ಅದರ ಭಾರಕ್ಕೆ ಕಾರು ಅಲ್ಲಿ ಯಾರೋ ಕೂತಿದ್ದಾರೆಂದುಕೊಂಡು ಸೀಟ್‌ಬೆಲ್ಟ್ ಹಾಕಿ ಎಂದು ಕಿಣಿಕಿಣಿ ಸದ್ದು ಮಾಡುತ್ತಿತ್ತು. ಕೊನೆಗೆ ಇಳಿದು, ಚೀಲ ಎತ್ತಿಕೊಂಡು, ಯಂತ್ರವನ್ನು ಮತ್ತೆ ಮೇಜಿನ ಮೇಲೆ ಇಟ್ಟಳು.

ಆ ಸಂಜೆ ಅವರ ಮನೆಗೆ ಹೋಗಿ ಗಂಗಾಂಬಿಕಾಳಿಗೆ ಎಲ್ಲವನ್ನೂ ಹೇಳಿಬಿಟ್ಟಳು, ಸರಿಯಾದ ಯಂತ್ರವೊಂದು ತನ್ನ ಮೇಜಿನ ಮೇಲೆ ಇದೆ, ತರಲು ಹೋಗಿ ವಾಪಸು ಇಟ್ಟೆ ಎಂದು.

ಗಂಗಾಂಬಿಕಾ ಕೂತಲ್ಲಿಂದ ಏಳಲಿಲ್ಲ. “ನಿನ್ನ ಟೇಬಲ್ ಮ್ಯಾಲೆ ಐತಿ ಅಂತ ನನಗ್ಯಾಕ ಹೇಳಿದಿ ಫಿರೋಜಾ? ನಿನಗ ತರಾಕ ಆಗಲಿಲ್ಲ, ಅದು ತಿಳೀತದ ನನಗ. ಹೇಳಿದ್ಯಾಕ?”



ಅಲ್ಲಿಂದ ಮುಂದೆ ಗುರುಶಾಂತಪ್ಪನವರನ್ನು ಒಂಟಿ ಬಿಡಲಿಲ್ಲ. ಗಂಗಾಂಬಿಕಾ ಅಂಗಡಿಯಿಂದ ಬೇರೆ ಕರೆಗಂಟೆ ತಂದು ಅವರ ಕಾಲಿನ ಹೆಬ್ಬೆರಳಿನ ಕೆಳಗೆ ಇಟ್ಟಳು. ಹೆಬ್ಬೆರಳು ನಡೆದಷ್ಟು ಕಾಲ ಅದು ನಡೆಯಿತು. ರೇಣುಕಾದೇವಿ ಪಾರದರ್ಶಕ ಪ್ಲಾಸ್ಟಿಕ್ ಹಲಗೆಯ ಮೇಲೆ ಕನ್ನಡ ಅಕ್ಷರಗಳನ್ನು ಬರೆದುಕೊಂಡು, ಅದನ್ನು ಇಬ್ಬರ ಮುಖಗಳ ನಡುವೆ ಹಿಡಿದು, ಗಂಡನ ದೃಷ್ಟಿ ಯಾವ ಅಕ್ಷರದ ಕಡೆ ಹೋಗುತ್ತದೆಂದು ಹುಡುಕುತ್ತಿದ್ದರು. “ಕ? ಅಲ್ಲೇನ್ರಿ? ಗ? ಗ ಹೌದ?” ಒತ್ತಕ್ಷರ ಬಂದಲ್ಲಿ ಇಬ್ಬರೂ ಸೋಲುತ್ತಿದ್ದರು. ಭಾನುವಾರ ಫಿರೋಜಾ ಹೋದಾಗ ಹಲಗೆ ಹಿಡಿಯುವ ಪಾಳಿ ಅವಳದ್ದಾಗುತ್ತಿತ್ತು. ಅವಳಿಗೆ ಅದು ಒಂದಿಷ್ಟೂ ಕೈಹತ್ತಲಿಲ್ಲ. ಒಂದು ಪದಕ್ಕೆ ಅವರು ದಣಿದು ಕಣ್ಣು ಮುಚ್ಚುತ್ತಿದ್ದರು. ಏನು ಹೇಳಲು ಹೊರಟಿದ್ದರೋ ಅದು ಮೊದಲ ಎರಡು ಅಕ್ಷರಕ್ಕೇ ನಿಲ್ಲುತ್ತಿತ್ತು. ಊಹಿಸಿ ಹೇಳಿದರೆ ತಪ್ಪಾಗುತ್ತಿತ್ತು. ತಪ್ಪೆಂದು ಹೇಳಲೂ ಅವರಿಗೆ ಇನ್ನೊಂದು ಪದ ಬೇಕಾಗುತ್ತಿತ್ತು.

ಮೇಲ್ಮನವಿ ಗೆದ್ದಿತು. ಚಳಿಗಾಲದ ಕೊನೆಯಲ್ಲಿ ಹೊಸ ಯಂತ್ರ ಬಂತು, ಜೊತೆಗೆ ಅದನ್ನು ಜೋಡಿಸಲು ನಗುಮುಖದ ಹುಡುಗಿಯೊಬ್ಬಳು. ಅವಳು ಪರದೆಯನ್ನು ಏರಿಸಿ ಇಳಿಸಿ, ಕಿಟಕಿಯ ಪರದೆ ಎಳೆದು, ದೀಪ ಬದಲಿಸಿ ನೋಡಿದಳು. ರೇಣುಕಾದೇವಿ ಬೆರಳ ತುದಿಯಿಂದ ಗಂಡನ ರೆಪ್ಪೆಯನ್ನು ಮೇಲಕ್ಕೆ ಹಿಡಿದರು. ಕಣ್ಣಾಲಿ ಕದಲುತ್ತಿರಲಿಲ್ಲ, ಕದಲಿದರೂ ಯಂತ್ರಕ್ಕೆ ಸಾಲುತ್ತಿರಲಿಲ್ಲ. ಹುಡುಗಿ ಕೊನೆಗೆ, “ಐ ಆಮ್ ಸೋ ಸಾರಿ,” ಎಂದಳು. ಫಿರೋಜಾ ಮೂಲೆಯಲ್ಲಿ ನಿಂತು ಆ ಹೊಸ ಯಂತ್ರದ ತೆರೆಯ ಮೇಲೆ ಮಿನುಗುತ್ತಿದ್ದ ಸಣ್ಣ ಗುರುತನ್ನು ನೋಡುತ್ತಿದ್ದಳು. ಅದು ಕಣ್ಣು ಹುಡುಕುತ್ತಿದ್ದೇನೆ ಎನ್ನುತ್ತಿತ್ತು. ಹುಡುಕುತ್ತಲೇ, ಬೆಲ್ ಒತ್ತಿ ನೋಡಿದಾಗ, ಬೆಲ್ಲನ್ನೂ ಬಾರಿಸಿತು. ಒಳ್ಳೆಯ ಯಂತ್ರ.

ಚೆರ್ರಿ ಹೂ ಬಿಡುವ ಹೊತ್ತಿಗೆ ಗುರುಶಾಂತಪ್ಪ ತೀರಿಕೊಂಡರು. ಹಣೆಗೆ ವಿಭೂತಿ ಬಳಿದು ಮಲಗಿಸಿದ್ದರು. ಸಂಘದವರು ಬಹಳ ಮಂದಿ ಬಂದಿದ್ದರು, ಎಲ್ಲರೂ ಅವರ ದನಿಯ ಬಗ್ಗೆಯೇ ಮಾತಾಡಿದರು. ಹಮ್ನಾ ಅತ್ತಳು. ಅಫ್ತಾಬ್ ಗಂಗಾಂಬಿಕಾಳ ಮುಂದೆ ತಲೆ ತಗ್ಗಿಸಿ ನಿಂತ.

ಆ ಬೇಸಿಗೆಯಲ್ಲಿ ಕಂಪನಿ ಆಸ್ಪತ್ರೆಯ ಮಾನಿಟರುಗಳ ಹೊಸ ಆವೃತ್ತಿಯನ್ನು ಹೊರತಂದಿತು. ಫಿರೋಜಾ ಮಾಡಿದ್ದ ತಿದ್ದುಪಡಿ ಅದರಲ್ಲಿ ಸೇರಿತ್ತು, ಯಾಕೆಂದರೆ ವರ್ಚುವಲ್ ಮಷೀನ್ ಒಂದೇ. ಆ ಮಾನಿಟರುಗಳಲ್ಲಿ ಕ್ಯಾಮೆರಾ ಇರಲಿಲ್ಲ. ಕರೆಯಲ್ಲಿ ಎಲ್ಲರ ಮುಂದೆ ಪವನ ಅವಳ ಹೆಸರು ಹೇಳಿ, ಥ್ರೆಡ್ಡುಗಳ ಬಹಳ ಸೂಕ್ಷ್ಮ ದೋಷವೊಂದನ್ನು ಹುಡುಕಿದವಳು ಎಂದ. ಪುಟ್ಟ ಪುಟ್ಟ ಚೌಕಗಳಲ್ಲಿ ಜನ ಚಪ್ಪಾಳೆ ತಟ್ಟಿದರು. ಅವಳು ಥ್ಯಾಂಕ್ ಯೂ ಎಂದು ಮೈಕು ಮ್ಯೂಟ್ ಮಾಡಿದಳು. ಆಮೇಲೆ ಪವನ ಬೇರೆಯಾಗಿ ಮೆಸೇಜ್ ಮಾಡಿದ: “ಸಾರಿ. ಹೇಳ್ಬಾರ್ದಿತ್ತೇನೋ.” ಅವಳು ಉತ್ತರ ಬರೆಯಲು ಹೋಗಿ ಅಳಿಸಿದಳು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದರೂ ಅವಳಿಗೆ ಆಗುತ್ತಿರಲಿಲ್ಲ.

ಒಂದು ದಿನ ರೇಣುಕಾದೇವಿ ಅವಳನ್ನು ಕರೆಸಿದರು. ಕೋಣೆಯಿಂದ ಮಂಚ, ಸಕ್ಷನ್ ಯಂತ್ರ ಎಲ್ಲ ಹೋಗಿದ್ದವು. ಹಳೆಯ ಮಾತಿನ ಯಂತ್ರ ಮಾತ್ರ ಕಂಬಿಗೆ ನೇತುಬಿದ್ದಿತ್ತು, ಯಾರೂ ವಾಪಸು ಕೇಳಿರಲಿಲ್ಲ. “ಇದನ್ನ ಬಿಚ್ಚಿ ಒಯ್ಯವಾ. ದಿನಾ ಅದರ ಮಾರಿ ನೋಡಾಕ ಆಗವಲ್ದು,” ಎಂದರು. ಫಿರೋಜಾ ಸ್ಕ್ರೂಗಳನ್ನು ಬಿಚ್ಚತೊಡಗಿದಳು. ಅವರ ಸ್ವಂತ ದನಿಯ ರೆಕಾರ್ಡಿಂಗುಗಳನ್ನು ತೆಗೆದು ಕೊಡಬಹುದು ಎಂದಳು. ರೇಣುಕಾದೇವಿ ಈಗ ಬೇಡ ಎಂದು ಕೈಯಾಡಿಸಿದರು.

ಸ್ವಲ್ಪ ಹೊತ್ತಾದ ಮೇಲೆ ಅವರೇ ಕೇಳಿದರು, “ಅಲ್ಲವಾ, ಇದು ನಿಂತ ನಿಂತ ಬಿಡತಿತ್ತಲ್ಲ, ಆವಾಗ ಅವರು ಅಂದಿದ್ದು ಒಳಗ ಪಾಳಿಗೆ ಕುಂತಿರತದ ಅಂತ ನೀ ಹೇಳಿದ್ದಿ. ನಮ್ಮ ಗಂಗಾ ಎಷ್ಟೋ ಸಲ ಬ್ಯಾಸತ್ತ ಆಫ್ ಮಾಡಿ ಮತ್ತ ಆನ್ ಮಾಡಾಕಿ. ಆ ಮಾತು ಇದರಾಗ ಎಲ್ಲರೆ ಉಳದಾವೇನು?”

ಇವೆ ಎಂದು ಸುಳ್ಳು ಹೇಳಿದರೆ ಇವರು ಹುಡುಕಿಕೊಡು ಎನ್ನುತ್ತಾರೆ. ಆಫ್ ಮಾಡಿದಾಗ ಕಾಯುತ್ತಿದ್ದ ಥ್ರೆಡ್ಡಿನ ಜೊತೆ ಅದರ ಕೈಯಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಒಂದು ಅಕ್ಷರವೂ ಎಲ್ಲೂ ಬರೆದಿಟ್ಟಿರುವುದಿಲ್ಲ. ಇದು ಅವಳಿಗೆ ತಿಳಿದಷ್ಟು ಸರಿಯಾಗಿ ಆ ಊರಿನಲ್ಲಿ ಇನ್ನಾರಿಗೂ ತಿಳಿದಿರಲಿಕ್ಕಿಲ್ಲ.

“ಇಲ್ಲ ಆಂಟಿ,” ಎಂದಳು.

“ಒಂದೂ ಇಲ್ಲ?”

“ಒಂದೂ ಇಲ್ಲ.”

ರೇಣುಕಾದೇವಿ ಕಿಟಕಿಯ ಹೊರಗೆ ನೋಡಿದರು. ಪಕ್ಕದ ಮನೆಯವನು ಹುಲ್ಲು ಕತ್ತರಿಸುವ ಯಂತ್ರ ಶುರುಮಾಡಲು ದಾರ ಎಳೆಯುತ್ತಿದ್ದ, ಅದು ಹತ್ತುತ್ತಿರಲಿಲ್ಲ. ಅವರು ಅದನ್ನೇ ಕೆಲ ಹೊತ್ತು ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡು, “ಇರಲಿ ಬಿಡು. ಊಟಾ ಮಾಡಿ ಹೋಗು, ಎಣ್ಣಿಗಾಯಿ ಮಾಡೀನಿ,” ಎಂದು ಒಳಗೆ ಹೋದರು.

ಫಿರೋಜಾಳಿಗೆ ಹಸಿವಿರಲಿಲ್ಲ. ಆದರೂ ಕೊನೆಯ ಸ್ಕ್ರೂ ಬಿಚ್ಚಿ, ಕೈ ತೊಳೆದು, ತಟ್ಟೆಯ ಮುಂದೆ ಕೂತಳು. ರೇಣುಕಾದೇವಿ ರೊಟ್ಟಿ ಹಾಕಿದರು, ಅದು ಮುಗಿಯುವ ಮೊದಲೇ ಇನ್ನೊಂದು ಹಾಕಿದರು. ಸಾಕು ಎನ್ನಲು ಅವಳಿಗೆ ಬಾಯಿ ಬರಲಿಲ್ಲ.